ಕಾಕ ತೆಗೆಸಿದ ಗೇರಿಲ್ಲದ ಕಾರು

ಕಾಕನ ಎರಡು ಕೈಗಳಿಗೆ ಎರಡು ಬಣ್ಣ. ಎಡಗೈ ಗೋಧಿ ಬಣ್ಣದ್ದು. ಬಲಗೈ ಮಾತ್ರ ಮೊಣಕೈಯಿಂದ ಬೆರಳ ತುದಿಯವರೆಗೆ ಸುಟ್ಟ ಗೇರುಬೀಜದ ಹಾಗೆ ಕಪ್ಪು. ಬೆಳ್ತಂಗಡಿಯಿಂದ ಕಕ್ಕಿಂಜೆಗೆ ಸರ್ವಿಸ್ ಜೀಪು ಬಿಡುತ್ತಿದ್ದವರು ಅವರು. ಎದುರಿನ ಸೀಟಿನಲ್ಲಿ ನಾಲ್ಕು ಜನರನ್ನು ತುರುಕಿದ ಮೇಲೆ ಡ್ರೈವರಿಗೆ ಉಳಿಯುವುದು ಅರ್ಧ ಸೀಟು. ಉಳಿದರ್ಧ ಮೈ ಇಪ್ಪತ್ತು ಚಿಲ್ಲರೆ ವರ್ಷ ಜೀಪಿನ ಹೊರಗೆ ಬಿಸಿಲಲ್ಲೇ ಹೋಗಿ ಬಂದು ಮಾಡಿತ್ತು. ಬ್ಯಾರಿ ಮುಸಲ್ಮಾನರ ಹಿರಿಯರನ್ನು ನಮ್ಮ ಕಡೆ ಕಾಕ ಎನ್ನುವುದು ರೂಢಿ. ಊರಿಗೆಲ್ಲ ಅವರು ಜೀಪಿನ ಕಾಕ.

ನಾನು ಕಕ್ಕಿಂಜೆ ಹತ್ತಿರದ ಶಾಲೆಯಲ್ಲಿ ಟೀಚರಾಗಿದ್ದೆ. ತೊಂಬತ್ತರ ದಶಕದ ಮಧ್ಯದಿಂದ ಹನ್ನೊಂದು ವರ್ಷ ಆ ಜೀಪಿನಲ್ಲಿ ಹೋಗಿದ್ದೇನೆ. ಹನ್ನೊಂದು ವರ್ಷವೂ ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡೇ ಹೋಗಿದ್ದೇನೆ. ಮೊದಲನೆಯದಾಗಿ, ಬಾಯಿ ನಿಲ್ಲುತ್ತಿರಲಿಲ್ಲ. ಉಪವಾಸದ ತಿಂಗಳಲ್ಲಾದರೂ ಸ್ವಲ್ಪ ಕಡಿಮೆಯಾದೀತು ಎಂದುಕೊಂಡರೆ, ಗಂಟಲು ಒಣಗಿದಷ್ಟೂ ಮಾತು ಹೆಚ್ಚು. ಅದೂ ಜಗತ್ತಿನ ಉಳಿದವರ ಹತ್ತಿರ ತುಳು, ನನ್ನ ಹತ್ತಿರ ಮಾತ್ರ ಕನ್ನಡ. ಟೀಚರ್ ಅಂದ ಮೇಲೆ ಕನ್ನಡ ಎಂದು ಅವರ ಕಾನೂನು. ಇನ್ನೊಂದು, ಶಾಲೆಯ ಗೇಟಿನ ಎದುರು ಇಳಿಸಿ ಎಂದು ಎಷ್ಟು ಬಡಕೊಂಡರೂ ಗೇಟು ದಾಟಿ ಇಪ್ಪತ್ತು ಹೆಜ್ಜೆ ಮುಂದೆ, ಒಂದು ಮಣ್ಣಿನ ದಿಣ್ಣೆಗೆ ತಾಗಿಸಿ ನಿಲ್ಲಿಸುವುದು. ಮಳೆಗಾಲದಲ್ಲಿ ಕೊಡೆ ಹಿಡಿದುಕೊಂಡು ನಾನು ಹಿಂದೆ ನಡೆಯಬೇಕು. ಕೇಳಿದರೆ, ಅಲ್ಲಿ ಬ್ರೇಕ್ ಸರಿ ಹಿಡಿಯುತ್ತದೆ ಎನ್ನುವರು. ಬ್ರೇಕಿಗೂ ಜಾಗಕ್ಕೂ ಏನು ಸಂಬಂಧ ಮಾರಾಯ್ರೆ? ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳಿಗೆ ಹೇಳುವ ಮಾತೇ ಅದು?

ಹನ್ನೊಂದನೆಯ ವರ್ಷ ನನಗೆ ಬಡ್ತಿ ಬಂತು. ಮುಖ್ಯ ಶಿಕ್ಷಕಿ. ಶಾಲೆ ಅಳದಂಗಡಿಯಿಂದ ಒಳಗೆ ಮೂರು ಕಿಲೋಮೀಟರು, ಅದರಲ್ಲಿ ಕಡೆಯ ಒಂದು ಬರೀ ಏರು. ಬಸ್ಸಿಲ್ಲ, ಸರ್ವಿಸ್ ಜೀಪಿಲ್ಲ. ಬರುವಾಗ ಬಾಡಿಗೆ ಸಿಗುವುದಿಲ್ಲ ಎಂದು ರಿಕ್ಷಾದವರೂ ಮುಖ ತಿರುಗಿಸುವ ಊರು. ಮಾರ್ಚಿನಲ್ಲಿ ಒಂದು ದಿನ ನೋಡಿ ಬರುವ ಎಂದು ನಡೆದೇ ಹೋದೆ. ಮರುದಿನ ಎಡಗಾಲಿನ ಮೊಣಗಂಟು ಊದಿ ಹಾಸಿಗೆ ಹಿಡಿದೆ.

ಈ ಕಾಲಿನ ವಿಷಯ ಹೇಳಿಬಿಡುತ್ತೇನೆ. ನಾಲ್ಕು ವರ್ಷದವಳಿದ್ದಾಗ ಬಂದ ಜ್ವರ ನನ್ನ ಎಡಗಾಲಿನ ಬಲ ತೆಗೆದುಕೊಂಡು ಹೋಯಿತು. ನೋಡಿದರೆ ಗೊತ್ತಾಗುವಷ್ಟಲ್ಲ, ಸೀರೆ ಉಟ್ಟು ನಿಧಾನ ನಡೆದರೆ ಯಾರಿಗೂ ಕಾಣುವುದಿಲ್ಲ. ಮದುವೆ ಆಗುವವರೆಗೆ ಒಂದು ನರಪಿಳ್ಳೆಗೂ ಹೇಳಬಾರದು ಎಂದು ಅಮ್ಮ ಆಣೆ ಹಾಕಿಸಿದ್ದರು. ಮದುವೆ ಆಗಲಿಲ್ಲ, ಗುಟ್ಟು ಮಾತ್ರ ಉಳಿಯಿತು. ಟೀಚರದ್ದು ಎಂಥ ಗಂಭೀರ ನಡಿಗೆ ಎಂದು ಊರವರು ಹೊಗಳುತ್ತಿದ್ದರು. ನಾನು ಹೊಗಳಿಸಿಕೊಳ್ಳುತ್ತಿದ್ದೆ.

ಆದ್ದರಿಂದ ಕಾರು ತೆಗೆಯುವುದು ಎಂದು ನಿಶ್ಚಯ ಮಾಡಿದೆ. ಬೇಸಿಗೆ ರಜೆ ಮುಗಿಯುವುದರೊಳಗೆ ಕಾರು ಬರಬೇಕು, ಇಲ್ಲವಾದರೆ ಬಡ್ತಿ ಬೇಡ ಎಂದು ಬರೆದುಕೊಟ್ಟು ಹಳೆಯ ಶಾಲೆಯಲ್ಲೇ ನಿವೃತ್ತಿಯಾಗಬೇಕು. ಲೈಸೆನ್ಸ್ ಇತ್ತು. ಹಿಂದೊಮ್ಮೆ ಹಟಕ್ಕೆ ಬಿದ್ದು ಡ್ರೈವಿಂಗ್ ಸ್ಕೂಲಿಗೆ ಹೋಗಿ ಮಾಡಿಸಿಕೊಂಡದ್ದು.

ಈ ಸುದ್ದಿ ಕಾಕನಿಗೆ ತಿಳಿದದ್ದೇ ತಡ, ನನ್ನ ಕಾರು ಅವರದ್ದಾಯಿತು. ಬೆಳಿಗ್ಗೆ ಡೀಸೆಲ್, ಸಂಜೆ ಡೀಸೆಲ್. ಎಂಜಿನ್ ಅಂದರೆ ಡೀಸೆಲ್, ಉಳಿದದ್ದೆಲ್ಲ ಹೊಲಿಗೆ ಮಿಷನ್ ಎಂದು ಅವರ ಸಿದ್ಧಾಂತ. ಪೆಟ್ರೋಲ್ ಗಾಡಿ ಚಾರ್ಮಾಡಿ ಘಾಟಿಯ ಮೂರನೇ ತಿರುವಿನಲ್ಲಿ ಅಳುತ್ತದೆಯಂತೆ. ನಾನು ಚಾರ್ಮಾಡಿಗೆ ಹೋಗುವುದಿಲ್ಲ, ಅಳದಂಗಡಿಗೆ ಹೋಗುವುದು ಎಂದರೂ ಕೇಳಬೇಕಲ್ಲ. ಹಿಂದಿನ ಸೀಟಿನವರೂ ಸೇರಿಕೊಂಡರು. ಒಬ್ಬರು ಮೈಲೇಜ್ ಎಂದರು, ಒಬ್ಬರು ಪಿಕಪ್ ಎಂದರು, ಮೀನಿನ ಬುಟ್ಟಿಯವಳು ಬಿಳಿ ಬಣ್ಣ ಬೇಡ, ಕೆಸರು ಕಾಣುತ್ತದೆ ಎಂದಳು. ಎರಡು ತಿಂಗಳು ಈ ಸಂತೆ.

ಕೊನೆಗೆ ಮಂಗಳೂರಿನ ಒಂದು ಶೋರೂಮಿನವರು ಡೀಸೆಲ್ ಕಾರೊಂದನ್ನು ಬೆಳ್ತಂಗಡಿಯ ನಮ್ಮ ಮನೆಗೆ ತಂದು ತೋರಿಸಲು ಒಪ್ಪಿದರು. ಟೈ ಕಟ್ಟಿದ ಸೇಲ್ಸ್‌ನವನು ಬಂದ. ಕಾಕನೂ ಬಂದರು, ಒಬ್ಬರೇ ಅಲ್ಲ. ಜೀಪಿನ ಪ್ಯಾಸೆಂಜರುಗಳಲ್ಲಿ ದಪ್ಪದವರನ್ನೇ ಆರಿಸಿ ಆರು ಮಂದಿಯನ್ನು ಕರಕೊಂಡು ಬಂದಿದ್ದರು.

"ಖಾಲಿ ಗಾಡಿ ಎಲ್ಲಿಗೂ ಹತ್ತುತ್ತದೆ ಟೀಚರ್," ಎಂದರು. "ಜನ ಹಾಕಿ ನೋಡುವ."

ಐದು ಜನರ ಕಾರು ಇದು ಎಂದು ಟೈಯವನು ಗೋಗರೆಯುತ್ತಿದ್ದ. ಯಾರೂ ಅವನ ಮಾತಿಗೆ ಕಿವಿಗೊಡಲಿಲ್ಲ. ನಮ್ಮ ಮನೆ ರಸ್ತೆಯಿಂದ ಎತ್ತರದಲ್ಲಿ. ಗುಡ್ಡ ಕಡಿದು ಮಾಡಿದ ಕಡಿದಾದ ದಾರಿ. ಆರು ಮಂದಿಯನ್ನೂ ಮೀನಿನ ಬುಟ್ಟಿಯನ್ನೂ ತುಂಬಿಸಿಕೊಂಡು ಕಾಕ ಅದರಲ್ಲಿ ಎರಡು ಸಲ ಹತ್ತಿ ಇಳಿದರು. ಎಂಜಿನ್ ಪಾಸ್ ಎಂದು ತೀರ್ಪಾಯಿತು. ಇನ್ನು ಟೀಚರ್ ಬಿಡಲಿ ಎಂದರು.

ನಾನು ಕೂತೆ. ಅರ್ಧ ಏರಿಗೆ ಬಂದಾಗ ಗೇರ್ ಬದಲಿಸಲು ಎಡಗಾಲಿನಲ್ಲಿ ಕ್ಲಚ್ ಒತ್ತಿದೆ. ಒತ್ತಿದ ಕಾಲು ನಡುಗಿತು, ಹಿಡಿತ ಸಿಗಲಿಲ್ಲ, ಕಾರು ಹಿಂದಕ್ಕೆ ಜಾರಿತು. ಪಕ್ಕದಲ್ಲಿದ್ದ ಕಾಕ ಹ್ಯಾಂಡ್ ಬ್ರೇಕ್ ಎಳೆಯದಿದ್ದರೆ ಎಲ್ಲರೂ ರಸ್ತೆಗೆ ಬೀಳುತ್ತಿದ್ದೆವು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮಾಸ್ಟರರ ಕಾಲಡಿಗೂ ಒಂದು ಕ್ಲಚ್ ಇರುತ್ತದೆ. ನಾನು ಕಲಿತೆ ಎಂದುಕೊಂಡ ದಿನಗಳಲ್ಲೆಲ್ಲ ಅದನ್ನು ಒತ್ತಿದ್ದು ಆ ಪುಣ್ಯಾತ್ಮ ಎಂದು ನನಗೆ ಹೊಳೆದದ್ದೇ ಆಗ.

ಕಾಕ ಕೆಳಗಿಳಿದು, "ಈ ಗಾಡಿ ಬೇಡ," ಎಂದುಬಿಟ್ಟರು. ಯಾಕೆ ಎಂದು ಕೇಳಿದರೆ, ಬೇಡ ಅಂದರೆ ಬೇಡ ಎಂದರು. ಎರಡು ತಿಂಗಳು ಡೀಸೆಲ್ ಡೀಸೆಲ್ ಎಂದು ನನ್ನ ಕಿವಿ ತೂತು ಮಾಡಿದ ಮನುಷ್ಯ! ಮುಂದಿನ ವಾರ ಕ್ಲಚ್ ಹಗುರ ಎಂದು ಹೆಸರಾದ ಒಂದು ಚಿಕ್ಕ ಪೆಟ್ರೋಲ್ ಕಾರು ಬಂತು. ಏರಿನಲ್ಲಿ ಅದೇ ಕತೆ, ಬೇಡ ಎಂದರು. ಮೂರನೆಯದನ್ನು ನಾನು ಹತ್ತುವ ಮೊದಲೇ ಬೇಡ ಎಂದರು. ಮೇ ತಿಂಗಳು ಅರ್ಧ ಕಳೆದಿತ್ತು. ನನಗೆ ತಾಳ್ಮೆ ತಪ್ಪಿತು. ಜಗಲಿಯಲ್ಲಿ ಅಮ್ಮನ ಎದುರೇ ಹೇಳಿಬಿಟ್ಟೆ.

"ಹೆಂಗಸು ಸ್ಟಿಯರಿಂಗ್ ಹಿಡಿಯುವುದು ನಿಮಗೆ ಸಹಿಸುವುದಿಲ್ಲ ಕಾಕ. ಅದನ್ನು ಬಾಯಿಬಿಟ್ಟು ಹೇಳಿ, ಮತ್ತೆ ಇಲ್ಲಿಗೆ ಬರಬೇಡಿ."

ಅವರು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದರು. ಮೂರು ದಿನ ಈ ಕಡೆ ತಲೆ ಹಾಕಲಿಲ್ಲ. ಬಡ್ತಿ ಬೇಡ ಎಂಬ ಅರ್ಜಿಯನ್ನು ನಾನು ಒಂದು ಹಾಳೆಯಲ್ಲಿ ಬರೆದೂ ಇಟ್ಟೆ. ಬರೆಯುವಾಗ ಅತ್ತೆ ಎಂದು ಹೇಳಿಕೊಳ್ಳಲು ಈಗ ನಾಚಿಕೆ ಇಲ್ಲ.

ನಾಲ್ಕನೆಯ ದಿನ ಸಂಜೆ ಬಂದು ಜಗಲಿಯ ಮೆಟ್ಟಿಲಲ್ಲಿ ಕೂತರು. ಚಾ ಬೇಕು ಎಂದು ಅವರಾಗಿಯೇ ಕೇಳಿದರು. ಹಾಗೆ ಕೇಳಿದವರೇ ಅಲ್ಲ. ಅಮ್ಮ ಒಳಗೆ ಹೋದದ್ದು ನೋಡಿಕೊಂಡು, ದನಿ ತಗ್ಗಿಸಿ ಹೇಳಿದರು.

"ಟೀಚರ್, ಎಡಗಾಲು ಬೇಕಾಗುವ ಗಾಡಿ ತೆಗೆಯುವುದು ಬೇಡ. ಬಲಗಾಲು ಒಂದೇ ಸಾಕಾಗುವ ಗಾಡಿ ಉಂಟು. ಅದನ್ನು ತೆಗೆಯುವ."

ಯಾರು ಹೇಳಿದ್ದು ನಿಮಗೆ ಎಂದು ಕೇಳಿದೆ.

"ಯಾರೂ ಹೇಳಲಿಲ್ಲ. ಜೀಪಿನಿಂದ ಎಲ್ಲರೂ ಹಾರಿ ಇಳೀತಾರೆ. ನೀವು ತಿರುಗಿ, ಎರಡು ಕೈಯಲ್ಲಿ ಕಂಬಿ ಹಿಡಿದು, ಏಣಿ ಇಳಿದ ಹಾಗೆ ಇಳೀತೀರಿ. ಎರಡನೇ ದಿನ ನೋಡಿದೆ. ಮೂರನೇ ದಿನದಿಂದ ದಿಣ್ಣೆ ಹತ್ತಿರ ನಿಲ್ಲಿಸಿದೆ."

ದಿಣ್ಣೆ ಜೀಪಿನ ಮೆಟ್ಟಿಲಿಗೆ ಸಮ ಇತ್ತು. ಹನ್ನೊಂದು ವರ್ಷ ನಾನು ಇಳಿಯಲೇ ಇಲ್ಲ, ಬರೀ ಕಾಲಿಟ್ಟು ನಡೆದುಹೋಗುತ್ತಿದ್ದೆ, ಮತ್ತು ಅದಕ್ಕೇ ಅವರನ್ನು ಬೈಯುತ್ತಿದ್ದೆ. ಆಗ ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಗೊತ್ತಿದ್ದೂ ಡೀಸೆಲ್ ಡೀಸೆಲ್ ಎಂದು ಯಾಕೆ ತಲೆ ತಿಂದಿರಿ ಎಂದೆ. ಕ್ಲಚ್ ಒತ್ತುವಷ್ಟು ಬಲ ಇದ್ದೀತು ಎಂದುಕೊಂಡಿದ್ದರಂತೆ. ಏರಿನಲ್ಲಿ ಕಾಲು ನಡುಗಿದ್ದು ನೋಡಿದ ಮೇಲೆ, ಅಷ್ಟು ಜನರ ಮಧ್ಯೆ ಹೇಳುವುದು ಹೇಗೆ ಎಂದು ಗೊತ್ತಾಗಲಿಲ್ಲವಂತೆ.

ಆ ಮೂರು ದಿನ ಅವರು ಸುಮ್ಮನಿರಲಿಲ್ಲ. ದುಬೈಯಲ್ಲಿದ್ದ ಭಾವನಿಗೆ ಫೋನ್ ಮಾಡಿ ಕ್ಲಚ್ಚಿಲ್ಲದ, ಗೇರು ತಾನೇ ಬದಲಾಗುವ ಆಟೋಮ್ಯಾಟಿಕ್ ಕಾರಿನ ಜಾತಕವನ್ನೆಲ್ಲ ಕೇಳಿಕೊಂಡಿದ್ದರು. ಬಂಟ್ವಾಳಕ್ಕೆ ಹೋಗಿ, ಬಿ.ಸಿ. ರೋಡಿನ ಗ್ಯಾರೇಜುಗಳಲ್ಲಿ ಅದು ಏರು ಹತ್ತುತ್ತದಾ, ಕೆಟ್ಟರೆ ಯಾರು ನೋಡುತ್ತಾರೆ ಎಂದು ವಿಚಾರಿಸಿದ್ದರು. ಮೆಕ್ಯಾನಿಕ್‌ಗಳು ನಕ್ಕರಂತೆ. ಆ ಕಾಲದಲ್ಲಿ ನಮ್ಮ ತಾಲೂಕಿನಲ್ಲಿ ಅಂಥ ಕಾರು ನಾನಂತೂ ನೋಡಿರಲಿಲ್ಲ. ಶೋರೂಮಿನವರಿಗೂ ಮನಸ್ಸಿಲ್ಲ: ಆರ್ಡರ್ ಕೊಟ್ಟು ತರಿಸಬೇಕು, ಮೈಲೇಜ್ ಇಲ್ಲ, ನಾಳೆ ಮಾರಲು ಹೋದರೆ ನಾಯಿಯೂ ಮೂಸುವುದಿಲ್ಲ. ಕಾಕ ಅವರ ಎದುರು ಕೂತು, ಗೇರು ಯಾಕೆ ಬೇಕು ಎಂದು ವಾದ ಮಾಡಿದರು. ಗೇರು ಹಾಕಿಯೇ ಸಂಸಾರ ಸಾಕಿದ ಮನುಷ್ಯ!

ಅರ್ಜಿ ಹರಿದು ಹಾಕಿದೆ. ಕಾರು, ಅದೂ ಪೆಟ್ರೋಲಿನದ್ದು, ಜೂನ್ ಎರಡನೆಯ ವಾರ ಬಂತು. ಅಲ್ಲಿಯವರೆಗೆ ರಜೆ ಹಾಕಿದೆ. ಹೊಸ ಶಾಲೆಗೆ ಹೋಗುವ ಮೊದಲ ದಿನ ಕಾಕ ನನ್ನ ಪಕ್ಕ ಕೂತು ಬಂದರು. ಬರೀ ಬಂದರೆ ಆಗುತ್ತದಾ? ಗುಡ್ಡದ ಬುಡದಲ್ಲಿ ಇಳಿಸಿದ್ದ ಬಿಸಿಯೂಟದ ಅಕ್ಕಿ ಮೂಟೆ ಎರಡನ್ನು ಹಿಂದೆ ಹೇರಿಸಿದರು. ನಾನು ಬಲಗಾಲು ಒತ್ತಿದೆ. ಪ್ರತಿ ತಿರುವಿನಲ್ಲಿ ಅವರ ಎಡಗಾಲು, ಅಲ್ಲಿಲ್ಲದ ಕ್ಲಚ್ಚನ್ನು ಹುಡುಕಿ ನೆಲ ಒತ್ತುತ್ತಿತ್ತು. ಕಾರು ಹತ್ತಿತು. ಶಾಲೆಯ ಅಂಗಳದಲ್ಲಿ ನಿಲ್ಲಿಸಿದಾಗ, ಹೊಲಿಗೆ ಮಿಷನ್ ಹತ್ತಿತಲ್ಲ ಎಂದು ಗೊಣಗಿ ಮೂಟೆ ಇಳಿಸಲು ಹೋದರು.

ಇಷ್ಟಕ್ಕೆ ಮುಗಿದಿದ್ದರೆ ನಾನು ಆ ಮನುಷ್ಯನ ಫೋಟೋ ಇಟ್ಟು ಪೂಜೆ ಮಾಡುತ್ತಿದ್ದೆ. ಬೆಳ್ತಂಗಡಿಯ ಜೀಪ್ ಸ್ಟ್ಯಾಂಡಿನಲ್ಲಿ ಎಲ್ಲರೂ ಕೇಳತೊಡಗಿದರು: ಡೀಸೆಲ್ ಕಾಕ ಗೇರಿಲ್ಲದ ಪೆಟ್ರೋಲ್ ಕಾರು ತೆಗೆಸಿದ್ದು ಯಾಕೆ? ಅದಕ್ಕೆ ಕಾಕ ಕೊಟ್ಟ ಉತ್ತರ, ಟೀಚರಿಗೆ ಗೇರ್ ತಲೆಗೆ ಹೋಗುವುದಿಲ್ಲ, ಎಷ್ಟು ಹೇಳಿಕೊಟ್ಟರೂ ಒಂದು ಎರಡು ಗೊತ್ತಾಗುವುದಿಲ್ಲ. ಕೈಯಾಡಿಸಿ ನಗಿಸಿ ಹೇಳುತ್ತಿದ್ದರು. ಕತೆ ಕಕ್ಕಿಂಜೆ ಮುಟ್ಟಿತು, ಅಳದಂಗಡಿ ಮುಟ್ಟಿತು. ಮೂಡುಬಿದಿರೆಯಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಗುರುತಿಲ್ಲದವರೊಬ್ಬರು, ಗೇರ್ ಬಾರದ ಹೆಡ್‌ಮಿಸ್ಟ್ರೆಸ್ ನೀವೇಯಾ ಎಂದು ಕೇಳಿದರು. ನನ್ನ ಶಾಲೆಯ ಮಕ್ಕಳಿಗೂ ಗೊತ್ತಿತ್ತು. ಮಗ್ಗಿ ತಪ್ಪಿದವನಿಗೆ ಬೈದರೆ ಹಿಂದಿನ ಬೆಂಚಿನಲ್ಲಿ ಕಿಸಕ್ ಎನ್ನುವುದು. ಬೇರೇನೂ ಸಿಗಲಿಲ್ಲವಾ ನಿಮಗೆ ಎಂದು ಜಗಳ ತೆಗೆದೆ. ಬೇರೆ ಏನು ಹೇಳಿದರೂ ಜನ ಮತ್ತೆ ಮತ್ತೆ ಕೇಳುತ್ತಾರೆ, ದಡ್ಡಿ ಎಂದರೆ ಅಲ್ಲಿಗೇ ನಿಲ್ಲಿಸುತ್ತಾರೆ ಟೀಚರ್ ಎಂದರು. ಅವರು ಹೇಳಿದ್ದು ಸರಿ ಎನ್ನುವುದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಮೂರು ವರ್ಷದ ನಂತರ ಕಾಕ ತೀರಿಕೊಂಡರು. ಎದೆನೋವು ಎಂದು ಜೀಪು ಬದಿಗೆ ನಿಲ್ಲಿಸಿ, ಪ್ಯಾಸೆಂಜರುಗಳನ್ನು ಇಳಿಸಿ ಆದ ಮೇಲೆ ಎಂದು ಆಮೇಲೆ ಕೇಳಿದೆ. ನನಗೆ ತಿಳಿದದ್ದು ಮರುದಿನ. ಶಾಲೆ ಮುಗಿಸಿ ಕಕ್ಕಿಂಜೆಯ ಅವರ ಮನೆಗೆ ಹೋದೆ.

ಒಳಕೋಣೆಯಲ್ಲಿ ಹೆಂಗಸರು ಚಾಪೆ ಹಾಸಿ ಕೂತಿದ್ದರು. ನಾನು ಒಂದು ಕೈ ಗೋಡೆಗೆ ಕೊಟ್ಟು, ಸೀರೆ ಸರಿಮಾಡಿಕೊಂಡು, ಹೇಗೋ ಕಾಲು ಮಡಚಿ ಕೂತೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ನೀವೇ ಕಾರು ಬಿಟ್ಟುಕೊಂಡು ಬಂದಿರಾ ಎಂದು ತುಳುವಿನಲ್ಲಿ ಕೇಳಿದರು. ಹೌದು ಎಂದೆ.

"ಗೇರ್ ಈಗಲೂ ತಲೆಗೆ ಹೋಗಲಿಲ್ಲವಾ ಟೀಚರ್? ಅವರು ಮನೆಗೆ ಬಂದು ಅದನ್ನೇ ಹೇಳಿ ನಗುತ್ತಿದ್ದರು."

ನಾನು ಅವರ ಮುಖ ನೋಡಿದೆ. ಅವರು ನಿಜವಾಗಿ ಕೇಳುತ್ತಿದ್ದರು. ಬಾಯಿಗೆ ಬೀಗವೇ ಇಲ್ಲ ಎಂದು ನಾನು ಹನ್ನೊಂದು ವರ್ಷ ಶಪಿಸಿದ ಮನುಷ್ಯ, ಕಟ್ಟಿಕೊಂಡ ಹೆಂಡತಿಗೂ ಹೇಳಿರಲಿಲ್ಲ.

ಅಷ್ಟು ಹೆಂಗಸರ ಎದುರು ಹೇಳಿದೆ. "ತಲೆಗೆ ಹೋಗದೆ ಅಲ್ಲ. ನನ್ನ ಎಡಗಾಲಿನಲ್ಲಿ ಬಲ ಇಲ್ಲ, ಸಣ್ಣದಿರುವಾಗಿನಿಂದ. ಕಾಕನಿಗೆ ಅದು ಗೊತ್ತಿತ್ತು."

ಕಾಕನ ಹೆಂಡತಿ ಕೂತಲ್ಲಿಂದ ಸರಿದು, ಗೋಡೆಗೆ ಒರಗುವ ಜಾಗವನ್ನು ನನಗೆ ಬಿಟ್ಟು, ಕಾಲು ಚಾಚಿ ಕೂತುಕೊಳ್ಳಿ ಟೀಚರ್ ಎಂದರು. ನಾನು ಚಾಚಿ ಕೂತೆ.