ಬಿರುಕಿನ ಮೇಲೊಂದು ಗಾಜು

ನಮ್ಮ ಚಿಕ್ಕಮ್ಮ ಬಟ್ಟೆ ಹೊಲಿದೇ ಜೀವನ ಮಾಡಿದವಳು, ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ಇದ್ದವಳು. ಯಾವ ಮನೆಗೆ ಹೋದರೂ ಅದೇ ಕಥೆ. ಮಿಷಿನ್ ತುಳಿಯಲು ಕೂತರೆ ಸಾಕು, ಕೆಳಗಿನಿಂದ ಮಾಲೀಕರು ಹತ್ತಿ ಬಂದು, "ಏನಮ್ಮಾ ಇದು, ಗೋಡೆ ಬಿರುಕು ಬಿಡುತ್ತೆ, ನಿಲ್ಲಿಸಿ" ಎನ್ನುವರು. ಅವರ ಕಾಟ ತಾಳದೆ ಮಿಷಿನ್ನಿನ ಕಾಲಡಿಗೆ ಕಂಬಳಿ ಮಡಿಸಿ ಇಡುತ್ತಿದ್ದಳು. ಚಳಿಗಾಲದಲ್ಲೂ ಆ ಕಂಬಳಿ ಮಿಷಿನ್ನಿಗೇ ಮೀಸಲು. ಆ ಮಾಲೀಕರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಕೊನೆಗೂ ಸ್ವಂತಕ್ಕೆಂದು ಒಂದು ಹಳೇ ಮನೆ ನೋಡಿದಳು. ರಸ್ತೆ ಕಡೆಗೆ ಕೋಣೆ, ಎರಡು ಕಿಟಕಿ, ಸೂಜಿಗೆ ದಾರ ಪೋಣಿಸಲು ಬೇಕಾದಷ್ಟು ಬೆಳಕು. ನೋಡಿದ ಕೂಡಲೇ ಮನಸ್ಸು ಕೊಟ್ಟುಬಿಟ್ಟಳು. ನಾನೇ ಹಟ ಹಿಡಿದು ಮನೆ ಪರೀಕ್ಷಿಸಲು ಒಬ್ಬ ಎಂಜಿನಿಯರನ್ನು ಕರೆಸಿದೆ. ಆತ ಗೋಡೆ ತಟ್ಟುತ್ತಾ, ಮೂಲೆಮೂಲೆಗೆ ಟಾರ್ಚ್ ಬಿಡುತ್ತಾ ಹೋದ. ಅದೇ ರಸ್ತೆ ಕಡೆಯ ಕೋಣೆಯಲ್ಲಿ, ಕಪಾಟಿನ ಹಿಂದೆ, ಸೂರಿನಿಂದ ಕಿಟಕಿಯವರೆಗೆ ಇಳಿದ ಬಿರುಕು ಸಿಕ್ಕಿತು. ಚಿಕ್ಕಮ್ಮನ ಮುಖ ಬಾಡಿತು.

"ಇಲ್ಲಿ ನನ್ನ ಮಿಷಿನ್ ಇಟ್ರೆ ಬಿದ್ದೇ ಹೋಗುತ್ತೆ, ಅಲ್ವಾ?"

ಎಂಜಿನಿಯರ್ ನಕ್ಕ. "ಹೊಲಿಗೆ ಮಿಷಿನ್‌ನಿಂದ ಎಲ್ಲಾದ್ರೂ ಗೋಡೆ ಸೀಳುತ್ತೇನಮ್ಮಾ? ಇದು ನೀರಿನ ಕೆಲಸ. ಹೊರಗೆ ಪೈಪ್ ಒಡೆದು ಮಳೆನೀರೆಲ್ಲ ತಳಪಾಯಕ್ಕೇ ಇಳೀತಿದೆ. ಅದನ್ನ ಸರಿಮಾಡಿ ನೋಡೋಣ. ಬಿರುಕು ಇಷ್ಟಕ್ಕೇ ನಿಂತ್ರೆ ಚಿಂತೆಯಿಲ್ಲ. ಬೆಳೀತಾ ಹೋದ್ರೆ ಈ ಮನೆ ಬೇಡ."

ಚಿಕ್ಕಮ್ಮ ಅರ್ಧ ಮಾತು ಮಾತ್ರ ಕೇಳಿಸಿಕೊಂಡಂತಿತ್ತು. "ಮಿಷಿನ್‌ನಿಂದ ಅಲ್ವಂತೆ ಕಣೇ!" ಎಂದು ನನ್ನ ತೋಳು ಚಿವುಟಿದಳು.

ಆತ ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿಯೊಂದನ್ನಿಟ್ಟು, ಎರಡೂ ತುದಿಗೆ ಗಾರೆ ಮೆತ್ತಿದ. ಗೋಡೆ ಒಂಚೂರು ಸರಿದರೂ ಗಾಜು ಒಡೆಯುತ್ತದೆ. ಒಂದು ಮಳೆಗಾಲ ಕಾಯಬೇಕು.

ಮನೆ ಮಾರುತ್ತಿದ್ದ ನಿವೃತ್ತ ಬಸ್ ಡ್ರೈವರ್ ಮುಖ ಗಂಟಿಕ್ಕಿದ. "ಅಷ್ಟು ದಿನ ಯಾರು ಕಾಯ್ತಾರೆ? ಬೇರೆಯವರೂ ಕೇಳ್ತಿದ್ದಾರೆ."

"ಅವರಿಗೇ ಕೊಡೋದಾದ್ರೆ ಕೊಡಿ, ಬೇಡ ಅನ್ನಲ್ಲ," ಎಂದಳು ಚಿಕ್ಕಮ್ಮ. "ಆದ್ರೆ ಅಣ್ಣಾ, ದಿನಾ ಈ ಗೋಡೆ ಪಕ್ಕ ಮಲಗೋರು ನೀವು. ಗಟ್ಟಿ ಇದೆಯೋ ಇಲ್ವೋ ನಿಮಗೂ ಗೊತ್ತಾಗ್ಬೇಕಲ್ವಾ?"

ಡ್ರೈವರ್ ಅದೇ ಕೋಣೆಯಲ್ಲಿದ್ದ ತನ್ನ ಮಂಚ ನೋಡಿದ, ಗೋಡೆ ನೋಡಿದ. ಮರುದಿನವೇ ಪೈಪ್ ರಿಪೇರಿಯಾಯಿತು.

ಆ ವರ್ಷ ಮಳೆ ಎಡೆಬಿಡದೆ ಸುರಿಯಿತು. ಜೋರಾದಾಗಲೆಲ್ಲ ಚಿಕ್ಕಮ್ಮನಿಗೆ ಊಟ ಸೇರುತ್ತಿರಲಿಲ್ಲ. ಮಳೆ ನಿಂತು ಹೊಳವಾದ ಕೂಡಲೇ ಏನಾದರೂ ನೆಪ ಹೂಡಿ ಗಾಜು ನೋಡಲು ಓಡುವಳು. ಡ್ರೈವರ್ ಬಾಗಿಲಿನಿಂದಲೇ ಕೂಗುತ್ತಿದ್ದ: "ಒಡೆದಿಲ್ಲ ಕಣಮ್ಮಾ! ಬೆಳಗ್ಗೆ ಎದ್ದು ನಾನು ಮೊದಲು ನೋಡೋದೇ ಅದನ್ನ." ಬೇರೆ ಗಿರಾಕಿಗಳ ಮಾತು ಅವನು ಮತ್ತೆ ಎತ್ತಲಿಲ್ಲ.

ಮಳೆಗಾಲ ಮುಗಿದ ಮೇಲೆ ಎಂಜಿನಿಯರ್ ಬಂದು ಗಾಜಿನ ಉದ್ದಕ್ಕೂ ಉಗುರು ಎಳೆದು ನೋಡಿ, "ಧೈರ್ಯವಾಗಿ ತಗೊಳ್ಳಿ" ಎಂದ. ಚಿಕ್ಕಮ್ಮ ಅಲ್ಲೇ ಅತ್ತುಬಿಟ್ಟಳು.

ಸಾಮಾನು ಸಾಗಿಸಿದ ದಿನ ಮಿಷಿನ್ನನ್ನು ಕಿಟಕಿ ಪಕ್ಕ ಇಟ್ಟೆವು. ನಾನು ಅಭ್ಯಾಸಬಲದಿಂದ ಕಂಬಳಿ ಮಡಿಸಿ ಅದರ ಕಾಲಡಿಗೆ ತಳ್ಳಿದೆ. ಚಿಕ್ಕಮ್ಮ ಅದನ್ನು ಎಳೆದು ಕೊಡವಿದಳು.

"ಒಗೆದು ಒಣಗಿಸು. ಈ ಚಳಿಗಾಲಕ್ಕೆ ನಾನು ಹೊದ್ಕೋತೀನಿ," ಎಂದವಳೇ ಕೂತು, ಬೀದಿಗೆಲ್ಲ ಕೇಳಿಸುವಂತೆ ತುಳಿಯತೊಡಗಿದಳು.