ಡಾಲ್ಫಿನ್ನಿನ ಹಿಂಗಾಲಿನ ಪರ ನನ್ನ ವಾದ

ತೀರ್ಥಹಳ್ಳಿಯ ನಮ್ಮ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ತಯಾರು ಮಾಡುವ ಪದ್ಧತಿ ಒಂದೇ: ವಿದ್ಯಾರ್ಥಿ ಪರ, ಮೇಷ್ಟ್ರು ವಿರೋಧ. ಶನಿವಾರ ಮಧ್ಯಾಹ್ನ ಖಾಲಿ ಲ್ಯಾಬಿನಲ್ಲಿ ನನಗೆ ವಿರೋಧವಾಗಿ ನಿಲ್ಲುತ್ತಿದ್ದವರು ಜೀವಶಾಸ್ತ್ರದ ಮೇಷ್ಟ್ರು. ಪ್ರಶ್ನೆ ಕೇಳಿದರೆ ತಲೆಹರಟೆ ಎನ್ನುವ ಹಿರಿಯರ ನಡುವೆ ನನ್ನ ಕಡೆಯವರೆಂದು ಇದ್ದವರು ಅವರೊಬ್ಬರೇ.

ಆ ಸಲದ ವಿಷಯ ಜೀವವಿಕಾಸ. ನನ್ನ ಮುಖ್ಯ ಸಾಕ್ಷಿ ಡಾಲ್ಫಿನ್. ಅದನ್ನು ತರಗತಿಯಲ್ಲಿ ಕಲಿಸಿದವರೂ ಅವರೇ. ಅದರ ಈಜುರೆಕ್ಕೆಯೊಳಗೆ ನಮ್ಮ ತೋಳಿನಲ್ಲಿರುವಂಥದೇ ಮೂಳೆಗಳು: ಮೇಲೊಂದು, ಕೆಳಗೆರಡು, ಮಣಿಕಟ್ಟು, ಬೆರಳು. ನಾವು ಹುಟ್ಟುವ ಮುಂಚೆ ಬೆರಳುಗಳ ನಡುವಿನ ಅಂಗಾಂಶ ಸತ್ತು ಬೆರಳುಗಳು ಬಿಡಿಯಾಗುತ್ತವೆ. ಡಾಲ್ಫಿನ್ನಿನಲ್ಲಿ ಅದು ಉಳಿದು ಇಡೀ ಕೈ ಹಲಗೆಯಂತಾಗುತ್ತದೆ. ಅದರ ಭ್ರೂಣದಲ್ಲಿ ಹಿಂಗಾಲಿನ ಮೊಗ್ಗುಗಳೂ ಮೂಡುತ್ತವೆ, ಬೆಳೆಯದೆ ಕರಗಿಹೋಗುತ್ತವೆ. ನೆಲದ ಮೇಲೆ ನಡೆದ ಪೂರ್ವಜರಿಲ್ಲದಿದ್ದರೆ ಆ ಮೊಗ್ಗು ಯಾಕೆ?

"ಕರಗೋ ಮೊಗ್ಗಿಂದ ಎಂತ ಸಾಬೀತಾಗ್ತದೆ?" ಎನ್ನುತ್ತಿದ್ದರು ಮೇಷ್ಟ್ರು, ಕೈಕಟ್ಟಿ ನಿಂತು. "ದೇವರ ನಕ್ಷೆ ಒಂದೇ, ಪ್ರಾಣಿ ಬೇರೆ ಬೇರೆ."

"ನಡೆಯದ ಪ್ರಾಣಿಗೆ ಕಾಲು ಬರ್ದು ಅಳಿಸಿದ್ದು ಯಾಕೆ ಸರ್? ದೇವರಿಗೂ ರಬ್ಬರ್ ಬೇಕಾ?"

ಅವರು ನಕ್ಕು, "ಮುಗೀತು, ನಾನು ಸೋತೆ" ಎನ್ನುತ್ತಿದ್ದರು. ಎಷ್ಟು ಚೆನ್ನಾಗಿ ನಟಿಸುತ್ತಾರೆ ಎಂದು ಮನೆಯಲ್ಲಿ ಹೊಗಳಿದ್ದೆ.

ಸಾಗರ ಪೇಟೆಯಲ್ಲಿ ನಡೆದ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂತು. ಸಮಾರೋಪದ ಅತಿಥಿ ಬರಲಿಲ್ಲವೆಂದು ಮೇಷ್ಟ್ರನ್ನೇ ಮಾತಿಗೆ ಕರೆದರು.

"ಗೆದ್ದ ಹುಡುಗಿ ನನ್ನ ಶಿಷ್ಯೆ" ಎಂದರು. "ಆದ್ರೆ ಗೆದ್ದದ್ದೆಲ್ಲ ನಿಜ ಅಲ್ಲ. ಇಷ್ಟು ವರ್ಷ ಪಾಠ ಮಾಡಿದೀನಿ, ಕಾಲು ಹೋಗಿ ರೆಕ್ಕೆ ಆಯ್ತು ಅನ್ನೋದನ್ನ ಒಂದಿನಾನೂ ನಂಬಿಲ್ಲ. ನಕ್ಷೆ ಒಂದೇ, ಪ್ರಾಣಿ ಬೇರೆ ಬೇರೆ."

ಲ್ಯಾಬಿನ ಅದೇ ವಾಕ್ಯ, ಅದೇ ಧ್ವನಿ. ಅಲ್ಲಿ ನಟನೆ ಇರಲೇ ಇಲ್ಲ. ನನಗೆ ತಟ್ಟಿದ್ದಕ್ಕಿಂತ ಜೋರಾಗಿ ಸಭೆ ಅವರಿಗೆ ಚಪ್ಪಾಳೆ ತಟ್ಟಿತು. ಇದನ್ನು ಹೊಟ್ಟೆಕಿಚ್ಚು ಎನ್ನುವವರು ಎನ್ನಲಿ.

ವಾಪಸು ಬಸ್ಸಿನಲ್ಲಿ ಹೊಸನಗರ ದಾಟಿದೆವು. ಆಮೇಲೆ ಕೇಳಿದೆ: "ನಂಬದೇ ಇರೋದನ್ನ ಕಲಿಸಿದ್ಯಾಕೆ ಸರ್?"

"ಸಿಲೆಬಸ್ಸಲ್ಲಿದೆ ಮಾರಾಯ್ತಿ. ನಿಂಗೆ ಮಾರ್ಕ್ಸ್ ಬಂತು, ಕಪ್ಪೂ ಬಂತು. ಇನ್ನೆಂತ ಬೇಕು?"

"ಸೋತೆ ಅಂತಿದ್ರಲ್ಲ?"

"ನಿನ್ನ ಹುರುಪು ಇಳೀಬಾರ್ದು ಅಂತ."

ಅವರ ನಂಬಿಕೆ ಬೇರೆ ಇದ್ದದ್ದು ತಪ್ಪಲ್ಲ. ಅದನ್ನು ಅವರು ನೇರವಾಗಿ ಎದುರಿಗಿಟ್ಟಿದ್ದರೆ ನಾನು ನಿಜಕ್ಕೂ ವಾದಿಸುತ್ತಿದ್ದೆ, ಸೋಲುವುದಕ್ಕೂ ತಯಾರಿದ್ದೆ. ಅವರು ನನ್ನನ್ನು ವಾದಕ್ಕೆ ಯೋಗ್ಯಳೆಂದು ಎಣಿಸಲಿಲ್ಲ. ಮಗುವಿಗೆ ಆಟದಲ್ಲಿ ಬಿಟ್ಟುಕೊಟ್ಟಂತೆ ಬಿಟ್ಟುಕೊಟ್ಟರು. ವೇದಿಕೆಯ ಮಾತಿಗಿಂತ ಲ್ಯಾಬಿನ ಆ ನಗು ನನ್ನನ್ನು ಹೆಚ್ಚು ಸುಟ್ಟಿತು.

ತೀರ್ಥಹಳ್ಳಿಯಲ್ಲಿ ಇಳಿಯುವಾಗ ಏನೂ ಆಗದವರಂತೆ, "ರಾಜ್ಯಮಟ್ಟಕ್ಕೆ ತಯಾರಿ ಬೇಕು. ಶನಿವಾರ ಬರ್ತೀಯಲ್ಲ?" ಎಂದರು.

"ಬರ್ತೀನಿ ಸರ್. ಈ ಸಲ ಸುಮ್ನೆ ಸೋತೆ ಅನ್ನೋ ಹಾಗಿಲ್ಲ. ಮೊಗ್ಗಿಗೆ ಉತ್ತರ ಕೊಡ್ಬೇಕು."

"ನೋಡಣ" ಎಂದರು.

ಶನಿವಾರ ಹೋದೆ. ಲ್ಯಾಬಿಗೆ ಬೀಗ ಹಾಕಿತ್ತು.