ಬಿಡಿಸದ ಹತ್ತಿ

ಹೆದರಿಕೆಯಾದರೆ ನನ್ನ ಬಾಯಿ ಜೋರಾಗುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ಬಬಲೇಶ್ವರದ ತವರಿನಲ್ಲಿ ನಾಯಿ ಬೆನ್ನತ್ತಿದರೆ ಉಳಿದ ಹುಡುಗಿಯರು ಓಡುತ್ತಿದ್ದರು, ನಾನು ನಿಂತು ನಾಯಿಯನ್ನು ಬೈಯುತ್ತಿದ್ದೆ. ಕಾಲು ಏಳುತ್ತಿರಲಿಲ್ಲ, ಅದಕ್ಕೆ. ನೋಡಿದವರು ‘ಗಟ್ಟಿಗಿತ್ತಿ’ ಅಂದರು. ಮದುವೆಯಾಗಿ ವಿಜಾಪುರಕ್ಕೆ ಬಂದು ಜಿನ್ನಿಂಗ್ ಮಿಲ್ಲು ಸೇರಿದ ಮೇಲೂ ಆ ಹೆಸರು ನನ್ನ ಬೆನ್ನು ಬಿಡಲಿಲ್ಲ.

ಮಿಲ್ಲಿನಲ್ಲಿ ನಮ್ಮ ಕೆಲಸ ಹತ್ತಿ ಉಣಿಸುವುದು. ಮಷೀನಿನ ಬಾಯಿಗೆ ಹೊಲದಿಂದ ಬಂದ ಹತ್ತಿಯನ್ನು ಕೊಡುತ್ತ ಹೋದರೆ ಒಂದು ಕಡೆ ಕಾಳು ಉದುರುತ್ತದೆ, ಇನ್ನೊಂದು ಕಡೆ ಅರಳೆ ಹಾರುತ್ತದೆ. ಅರಳೆಯ ಜೊತೆ ಧೂಳು. ಸೆರಗಿನಿಂದ ಎಷ್ಟು ಬಿಗಿದು ಕಟ್ಟಿಕೊಂಡರೂ ಮೂಗು, ಬಾಯಿ, ರೊಟ್ಟಿ ಎಲ್ಲದರಲ್ಲೂ ಅದೇ. ಮುಂಜಾನೆ ಎದ್ದರೆ ಕೆಮ್ಮು ಮೊದಲು, ಮಾತು ಆಮೇಲೆ. ನನ್ನ ಅತ್ತೆ ಅಲ್ಲೇ ದುಡಿದು, ಅದೇ ಕೆಮ್ಮಿನಲ್ಲೇ ಹೋದಳು.

ಮಿಲ್ಲು ವರ್ಷವಿಡೀ ನಡೆಯುತ್ತಿರಲಿಲ್ಲ. ದೀಪಾವಳಿ ಮುಗಿದ ಮೇಲೆ ಗೇಟು ತೆರೆದರೆ ಮಳೆಗಾಲಕ್ಕೆ ಮುಂಚೆ ಮುಚ್ಚುತ್ತಿತ್ತು. ತೆರೆಯುವ ದಿನ ನಾವೆಲ್ಲ ಗೇಟಿನ ಮುಂದೆ ನಿಲ್ಲಬೇಕು. ಆಳುಗಳ ಮೇಸ್ತ್ರಿ ಮುಕಾದಮ ಬಂದು ಬೆರಳು ತೋರಿಸಿದವರು ಒಳಗೆ, ಉಳಿದವರು ಮನೆಗೆ. ಹಳಬರು, ಹೊಸಬರು ಎಂಬ ಭೇದವಿಲ್ಲ. ಕಾರಣ ಕೇಳುವಂತಿಲ್ಲ. ದನದ ಸಂತೆಯಲ್ಲಿ ಎತ್ತಿಗಾದರೂ ಹಲ್ಲು ಎಣಿಸುತ್ತಾರೆ, ನಮಗೆ ಆ ಮರ್ಯಾದೆಯೂ ಇರಲಿಲ್ಲ.

ನನ್ನ ಹೆದರಿಕೆ ಒಂದೇ. ಗಂಡ ಟಾಂಗಾ ಹೊಡೆಯುತ್ತಿದ್ದರು. ಆಟೋ ಬಂದ ಮೇಲೆ ಕುದುರೆಯ ಹೊಟ್ಟೆ ತುಂಬಿದರೆ ನಮ್ಮದು ತುಂಬುತ್ತಿರಲಿಲ್ಲ. ಮಗಳು ಹೈಸ್ಕೂಲಿನ ಕಡೆಯ ವರ್ಷದಲ್ಲಿದ್ದಳು. ಗೇಟಿನಲ್ಲಿ ನನ್ನ ಜಾಗ ಹೋದರೆ ಅವಳು ಸಾಲೆ ಬಿಟ್ಟು ಆ ಧೂಳಿಗೇ ಬರಬೇಕು. ಬೇರೆ ದಾರಿ ಇರಲಿಲ್ಲ. ಹುಡುಗಿ ರಾಗ ಮಾಡಿ ಪಾಠ ಓದುವಾಗ ನಾನು ಅರ್ಥ ಕೇಳುತ್ತಿರಲಿಲ್ಲ, ಅವಳ ಎದೆಯಲ್ಲಿ ಗೊರಗೊರ ಸದ್ದಿಲ್ಲವಲ್ಲ ಎಂದು ಕೇಳುತ್ತ ಕೂರುತ್ತಿದ್ದೆ.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ ವಿಧಾನಸಭೆಯ ಚುನಾವಣೆ ಬಂತು. ಮಿಲ್ಲಿನ ಆಳುಗಳೆಲ್ಲ ಕೂಡಿ ಕಟ್ಟಿಕೊಂಡಿದ್ದ ನಮ್ಮ ಸಂಘದಲ್ಲಿ ಜಗಳ ಹತ್ತಿದ್ದು ಆಗ. ಜಗಳವಾಡಿದವರು ಇಬ್ಬರು. ಒಬ್ಬರು ಅರಳೆಯನ್ನು ಗಂಟು ಕಟ್ಟುವ ಪ್ರೆಸ್ಸಿನಲ್ಲಿದ್ದ ಹಿರಿಯರು. ತಿಕೋಟಾದವರು, ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ತುರ್ತುಪರಿಸ್ಥಿತಿಯಲ್ಲಿ ಅವರನ್ನು ಹಿಡಿದು ಒಳಗೆ ಹಾಕಿದ್ದರು. ಹೊರಗೆ ಬಂದಾಗ ಅಂಗಿ ಅವರದೇ, ಒಳಗಿನ ಮನುಷ್ಯ ಅರ್ಧ. ಅಲ್ಲಿ ಏನಾಯಿತು ಎಂದು ಒಮ್ಮೆಯೂ ಹೇಳಲಿಲ್ಲ. ಇನ್ನೊಬ್ಬ ಮಷೀನು ರಿಪೇರಿ ಮಾಡುವ ಫಿಟ್ಟರ್, ವಿಜಾಪುರದ ಹಳೆಯ ಮುಸಲ್ಮಾನ ಮನೆತನದ ಹುಡುಗ. ಮದುವೆಯಾಗಿ ವರ್ಷವಾಗಿರಲಿಲ್ಲ, ಜಗತ್ತನ್ನೇ ಬಿಚ್ಚಿ ಎಣ್ಣೆ ಹಾಕಿ ಮತ್ತೆ ಜೋಡಿಸುತ್ತೇನೆ ಎನ್ನುವ ವಯಸ್ಸು.

ಫಿಟ್ಟರ್ ಒಂದು ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಎಲ್ಲರ ಮುಂದೆ ಅಂದ: "ಇಲೆಕ್ಷನ್ನಿಗೆ ನಮ್ಮವರನ್ನ ನಿಂದ್ರಸೂಣು. ಹೆಣ್ಣಾಳು ಹೆಚ್ಚದಾರ, ಹೆಣ್ಣಮಗಳನ್ನ ನಿಂದ್ರಸೂಣು. ಬಾಯಿ ಇದ್ದಾಕಿ ಅಂದ್ರ ಅಕ್ಕಾ ಒಬ್ಬಾಕೀನ."

ಅಕ್ಕ ಅಂದರೆ ನಾನು. "ಲೇ, ನಿನ್ನ ಹೇಣ್ತೀನ್ನ ನಿಂದ್ರಸ ಹೋಗ, ನನ್ನ ಸಂಸಾರ ಯಾಕ ಹಾಳ ಮಾಡ್ತಿ?" ಎಂದು ಒದರಿದೆ. ಎಲ್ಲರೂ ನಕ್ಕರು. "ನೋಡ್ರಿ, ನಾ ಹೇಳಲಿಲ್ಲ? ಹಿಂಗ ಮಾತಾಡಾಕಿ ಬೇಕು" ಅಂದ ಅವನು. ಬಾಯಿ ಮಾಡಿದಷ್ಟೂ ಗುಂಡಿ ಆಳವಾಗುತ್ತಿತ್ತು.

ಗೋಡೆಗೂ ಕಿವಿ ಇರುತ್ತದೆ, ಮಿಲ್ಲಿನ ಗೋಡೆಗಂತೂ ನಾಲಗೆಯೂ ಇತ್ತು. ವಾರದೊಳಗೆ ಬಬಲೇಶ್ವರದಿಂದ ನನ್ನ ಅಣ್ಣ ಬಂದ. ನಿಂತೇ ನೀರು ಕುಡಿದು ಹೇಳಿದ: "ಮನಿ ಮುಂದ ದೊಡ್ಡ ಪಕ್ಷದವರ ಜೀಪು ಬಂದಿತ್ತವಾ. ಚಲೋ ಮಾತಾಡಿದ್ರು, ಚಾ ಕುಡದ್ರು. ತಂಗಿ ಆರಾಮದಾಳಿಲ್ಲೊ ಅಂತ ಕೇಳಿದ್ರು. ಸೊಸಿ ಯಾವ ಸಾಲಿಗೆ ಹೋಗತಾಳ ಅಂತನೂ ಕೇಳಿದ್ರು."

ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಆ ದಿನದಿಂದ ಮಗಳು ಸಾಲೆಯಿಂದ ಬರುವ ತನಕ ನನ್ನ ಕೈ ಮಷೀನಿನಲ್ಲಿ, ಜೀವ ರಸ್ತೆಯಲ್ಲಿ. ಗಂಡನಿಗೆ ಹೇಳಿದೆ. ಅವರು ಮಾತು ಕಡಿಮೆಯ ಮನುಷ್ಯ. ಮರುದಿನದಿಂದ ಬಾಡಿಗೆ ಬಿಟ್ಟು ಮಗಳನ್ನು ಟಾಂಗಾದಲ್ಲಿ ಸಾಲೆಗೆ ಬಿಡತೊಡಗಿದರು.

ಕಾಕಾಗೆ ಚುನಾವಣೆಯೇ ಬೇಡವಾಗಿತ್ತು. ಆದರೆ ಸಂಘದ ಮಾತು ಎಲ್ಲರೂ ಕೂಡಿ ಮುಗಿಸಬೇಕು ಎನ್ನುವುದು ಅವರ ಹಟ. ವಿಜಾಪುರದಲ್ಲಿ ಸಭೆ ಸೇರಿದರೆ ಕಣ್ಣು ಬೀಳುತ್ತದೆ. ಅದಕ್ಕೇ ಎಳ್ಳ ಅಮಾವಾಸ್ಯೆ ಆರಿಸಿದರು. ಆ ದಿನ ಮಿಲ್ಲು ಬಂದ್. ಇಡೀ ಸೀಮೆ ಸಜ್ಜೆ ರೊಟ್ಟಿ, ಕಡಬು, ಪುಂಡಿಪಲ್ಯೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಗುಂಪುಗುಂಪಾಗಿ ಉಣ್ಣುತ್ತದೆ. ಬುತ್ತಿಗಂಟು ಹೊತ್ತು ಹೊರಟವರನ್ನು ಯಾವ ಪೊಲೀಸನೂ ಎಲ್ಲಿಗೆ ಎಂದು ಕೇಳುವುದಿಲ್ಲ. ನಾವು ತಿಕೋಟಾ ಬಸ್ಸು ಹಿಡಿದೆವು. ಜೈನಾಪುರ, ಕಳ್ಳಕವಟಗಿ ಕಡೆಯವರು ಎತ್ತಿನ ಚಕ್ಕಡಿಯಲ್ಲಿ ಬಂದರು.

ದ್ರಾಕ್ಷಿ ತೋಟ ದಾಟಿದ ಮೇಲೆ ಕಾಕಾ ಅವರ ತಮ್ಮನ ಹೊಲ, ಕರೀ ಎರೆಭೂಮಿ, ಜೋಳ ಎದೆಮಟ್ಟ. ಬನ್ನಿಗಿಡದ ಕೆಳಗೆ ಉಂಡೆವು. ಮಂದಿ ನಗುತ್ತಿದ್ದರು, ಆದರೆ ರಸ್ತೆಯಲ್ಲಿ ಮೋಟಾರಿನ ಸದ್ದಾದಾಗಲೆಲ್ಲ ಎಲ್ಲರ ಕೈಯಲ್ಲಿದ್ದ ತುತ್ತು ನಿಲ್ಲುತ್ತಿತ್ತು. ನಾನು ಮಾತ್ರ ಒಂದೇ ಸವನೆ ಮಾತಾಡುತ್ತಿದ್ದೆ, ಪುಂಡಿಪಲ್ಯೆಗೆ ಉಪ್ಪು ಹೆಚ್ಚಾಗಿದೆ ಎಂದು ಯಾರನ್ನೋ ಬೈದೆ. ಉಪ್ಪು ಸರಿಯಾಗಿಯೇ ಇತ್ತು.

ಊಟವಾದ ಮೇಲೆ ಫಿಟ್ಟರ್ ಎದ್ದ. "ಗೇಟಿನ ಮುಂದ ಧರಣಿ ಕುಂತು ನಾವು ಏನ್ ಗೆದ್ದೀವ್ರಿ? ಕುಡಿಯೂ ನೀರಿಂದು ಒಂದು ಟಾಕಿ. ಯಾರನ್ನ ಒಳಗ ಕರೀಬೇಕು ಅನ್ನೂದು ಇನ್ನೂ ಮುಕಾದಮನ ಬೆರಳಿನಾಗ ಐತಿ. ಕಾಯ್ದೆ ಮಾಡೂ ಕುರ್ಚಿ ಮ್ಯಾಗ ನಮ್ಮವರೊಬ್ರು ಕುಂದ್ರೂತನಕ ನಾವು ವರ್ಷಾ ಭಿಕ್ಷಾ ಬೇಡೂದ."

ಕಾಕಾ ಕೂತೇ ಮಾತಾಡಿದರು. "ಅಂಗಳದಾಗ ಹತ್ತಿ ಬಿದ್ದಾಗ ನಾವು ಕೈ ಕಟ್ಟಿ ನಿಂತ್ರ ಅವರಿಗೆ ನಿದ್ದಿ ಬರಂಗಿಲ್ಲ. ನಮ್ಮ ಶಕ್ತಿ ಅಲ್ಲೈತಿ. ಇಲೆಕ್ಷನ್ ಅಂದ್ರ ಜೀಪು ಅವರದು, ಅಂಗಳ ಅವರದು, ಆಟಾನೂ ಅವರದ. ಸೋತ್ರ ನಾವು ಎಷ್ಟ ಮಂದಿ ಅದೀವಿ ಅನ್ನೂದು ಊರಿಗೆಲ್ಲ ಗೊತ್ತಾಗಿಬಿಡತೈತಿ."

"ಎಷ್ಟ ಮಂದಿ ಅದೀವಿ ಅಂತ ನಮಗರ ಗೊತ್ತಾಗಬೇಕಲ್ರಿ, ಕಾಕಾ?" ಅಂದ ಫಿಟ್ಟರ್.

ನನ್ನ ಪಕ್ಕದ ಮಷೀನಿನಾಕೆ, ದಿನವೂ ನನ್ನೊಡನೆ ಬುತ್ತಿ ಹಂಚಿಕೊಳ್ಳುವವಳು, "ದೊಡ್ಡ ಪಕ್ಷದವರ ಕೂಡ ಮಾತಾಡಿ, ಏನರ ಕೊಡಸಿಕೊಂಡು ಓಟು ಕೊಡೂಣಲ್ಲ?" ಅಂದಳು. ಆಕೆಯ ಮೇಲೆ ಇಬ್ಬರೂ ಒಟ್ಟಿಗೆ ಹರಿಹಾಯ್ದರು. ಆ ದಿನ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಕೈ ಎತ್ತಿಸಿದರೆ ಯಾರು ಯಾವ ಕಡೆ ಎಂದು ಎಲ್ಲರಿಗೂ ತಿಳಿಯುತ್ತದೆ. ಚೀಟಿ ಬರೆಯಲು ಬಹಳ ಮಂದಿಗೆ ಅಕ್ಷರ ಬರುವುದಿಲ್ಲ. ಅದಕ್ಕೆ ನಮ್ಮ ಸಂಘದಲ್ಲಿ ನಮ್ಮದೇ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬರಿಗೂ ಒಂದೇ ಕಾಳಿರುವ ಚಿಟಿಕೆ ಹತ್ತಿ ಕೊಡುವುದು. ಸೆರಗಿನೊಳಗೆ, ಧೋತರದೊಳಗೆ ಅದನ್ನು ಉಗುರಿನಿಂದ ಬಿಡಿಸಿ ಕಾಳು ಬೇರೆ, ಅರಳೆ ಬೇರೆ ಮಾಡಬೇಕು. ಬಟ್ಟೆ ಮುಚ್ಚಿದ ಗಡಿಗೆಯೊಳಗೆ ಕೈ ಇಟ್ಟು ಒಂದನ್ನು ಬಿಡಬೇಕು, ಇನ್ನೊಂದನ್ನು ಬಚ್ಚಿಟ್ಟುಕೊಳ್ಳಬೇಕು. ಕಾಳು ಹಾಕಿದರೆ ಚುನಾವಣೆಗೆ ನಿಲ್ಲೋಣ, ಅರಳೆ ಹಾಕಿದರೆ ಬೇಡ. ನನ್ನ ಪಾಲಿಗೆ ಕಾಳು ಅಂದರೆ ನಾನೇ ನಿಲ್ಲುವುದು, ಜೀಪಿನವರಿಗೆ ನನ್ನ ಮನೆಯ ದಾರಿ ತೋರಿಸುವುದು.

ನಾನು ಅರಳೆ ಹಾಕಿದೆ. ಇದರಲ್ಲಿ ಮುಚ್ಚಿಡುವುದೇನೂ ಇಲ್ಲ. ಉಳಿದ ಕಾಳನ್ನು ಕಾಲಬೆರಳಿನಿಂದ ಮಣ್ಣಿನೊಳಗೆ ಒತ್ತಿಬಿಟ್ಟೆ.

ಗಡಿಗೆ ಸುತ್ತು ಬಂತು. ಕಾಕಾ ಅದನ್ನು ಧೋತರದ ಮೇಲೆ ಬೋರಲು ಹಾಕಿದರು. ನಾನು ಬಗ್ಗಿ ನೋಡಿದೆ. ಕೆಲವು ಕಾಳು. ಅದಕ್ಕಿಂತ ಕಡಿಮೆ ಅರಳೆ. ಉಳಿದದ್ದೆಲ್ಲ ಹತ್ತಿ, ಬಿಡಿಸದ ಹತ್ತಿ, ಕೊಟ್ಟದ್ದು ಕೊಟ್ಟ ಹಾಗೇ. ಎಷ್ಟು ಮಂದಿ ಹಾಗೆ ಹಾಕಿದ್ದರೋ ಅಷ್ಟೂ ಮಂದಿ ನೆಲ ನೋಡುತ್ತಿದ್ದರು, ಹಾಕದವರೂ ನೋಡುತ್ತಿದ್ದರು.

"ಇದೇನಿದು? ಅಡ್ಡಗ್ವಾಡಿ ಮ್ಯಾಗ ದೀಪಾ ಇಟ್ಟಂಗ!" ಎಂದು ಫಿಟ್ಟರ್ ಸಿಡುಕಿದ.

ಪಕ್ಕದ ಮಷೀನಿನಾಕೆ ಮೆಲ್ಲಗೆ ಬಾಯಿ ಬಿಟ್ಟಳು. "ಒಂದು ಹಾಕಿದ್ರ ಇನ್ನೊಂದು ನಮ್ಮ ಕಡೆ ಉಳೀತದಲ್ರಿ. ಯಾರರ ಬಂದು ಸೆರಗು ಝಾಡಿಸಿದ್ರ? ಕೈಯಾಗ ಅರಳಿ ಉಳದ್ರ ಕಾಳು ಹಾಕ್ಯಾಳ ಅಂತ ತಿಳಿಯಂಗಿಲ್ಲ? ಒಗೀಬೇಕಂದ್ರ ಕರೀ ಮಣ್ಣಾಗ ಬೆಳ್ಳನ ಅರಳಿ ಕಾಣತೈತಿ. ಇಡೀದ ಹಾಕಿದ್ರ ಕೈಯಾಗ ಏನೂ ಉಳಿಯಂಗಿಲ್ಲ."

ಇಷ್ಟು ವರ್ಷ ಚಹಾದ ಪಾಳಿ, ಹಬ್ಬದ ಪಟ್ಟಿ ಎಂಥವಕ್ಕೋ ಈ ಗಡಿಗೆ ಬಳಸಿದ್ದೆವು. ಉಳಿದದ್ದನ್ನು ಎಲ್ಲಿ ಬಚ್ಚಿಡುವುದು ಎಂಬ ಯೋಚನೆಯೇ ಯಾರಿಗೂ ಬಂದಿರಲಿಲ್ಲ, ಏಕೆಂದರೆ ಅಷ್ಟು ಹೆದರುವ ಸಂಗತಿಯೇ ಬಂದಿರಲಿಲ್ಲ.

ಫಿಟ್ಟರನ ಮುಖ ಅರಳಿತು. "ಹಂಗಾದ್ರ ಕೇಳ್ರಿ! ಅರಳಿ ಹಾಕೂರಿಗೆ ಏನ್ ಹೆದರಿಕಿ? ಉಳದ ಕಾಳು ಮಣ್ಣಾಗ ಒಗದ್ರ ಯಾರಿಗೂ ಕಾಣಂಗಿಲ್ಲ. ಇಡೀದ ಹಾಕಿದವರೆಲ್ಲ ಕಾಳು ಹಾಕೂರ ಇದ್ರು. ನಿಂದ್ರೂಣು ಅನ್ನೂರ ಹೆಚ್ಚದಾರ!"

ಅವನು ಹೇಳಿದ್ದು ಸರಿ ಇತ್ತು. ನನ್ನ ಕಾಳು ನನ್ನ ಕಾಲಡಿಯಲ್ಲೇ ಇತ್ತಲ್ಲ. ಅದರ ಮೇಲೆ ಕಾಲಬೆರಳಿನಿಂದ ಇನ್ನಷ್ಟು ಮಣ್ಣು ಎಳೆದೆ.

ಕಾಕಾ ಒಂದು ಹತ್ತಿಯನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು. "ಇರಬಹುದಪಾ. ಆದ್ರ ಒಂದು ಚಿಟಿಕಿ ಅರಳಿ ಒಗ್ಯಾಕ ಹೆದರೂ ಮಂದಿನ್ನ ಜೀಪಿನ ಮುಂದ ಹೆಂಗ ನಿಂದ್ರಸ್ತಿ? ನಾ ಹೋಗಿ ಬಂದೀನಿ. ಹೆದರಿಕಿ ಎಣಿಸಿ ಲೆಕ್ಕಾ ಹಿಡ್ಯಾಕ ಬರಂಗಿಲ್ಲ."

ನಾ ಹೋಗಿ ಬಂದೀನಿ ಅಂದಾಗ ಆ ಹತ್ತಿಯನ್ನು ಮುಷ್ಟಿಯಲ್ಲಿ ಮುಚ್ಚಿದರು. ಜೈಲಿನ ಬಗ್ಗೆ ಅವರು ಆಡಿದ್ದು ಅಷ್ಟೇ ಮಾತು. ಫಿಟ್ಟರ್ ಕೆಳಗೆ ಕೂತ. ನಿಲ್ಲುವುದು ಬೇಡ ಎಂದಾಯಿತು. ನನಗೆ ಹೋದ ಜೀವ ಬಂದ ಹಾಗಾಯಿತು. ಬಸ್ಸಿನಲ್ಲಿ ವಿಜಾಪುರದ ತನಕ ಸುಮ್ಮನೆ ಕೂತಿದ್ದೆ. ಗಟ್ಟಿಗಿತ್ತಿಗೆ ಬೇಸರವಾಗಿದೆ ಎಂದು ಎಲ್ಲರೂ ತಿಳಿದರು.

ಆ ಸಮಾಧಾನ ಎರಡು ದಿನವೂ ಉಳಿಯಲಿಲ್ಲ. ಮುಕಾದಮ ನನ್ನ ಮಷೀನಿನ ಹತ್ತಿರ ಬಂದು ನಿಂತ. "ಏನವಾ, ತಿಕೋಟಾದಾಗ ಕಡಬು ಚಲೋ ಆಗಿದ್ವಂತ?" ಅಂದ. ನಕ್ಕ. ಮುಂದಿನ ಮಷೀನಿಗೆ ಹೋಗಿ ಅಲ್ಲಿಯೂ ಅದೇ ಕೇಳಿದ. ಯಾರು ಹೇಳಿದರು? ಆಮೇಲೆ ಬುತ್ತಿ ಬಿಚ್ಚುವಾಗ ಎಲ್ಲರೂ ಎಲ್ಲರಿಗೂ ಬೆನ್ನು ಮಾಡಿ ಕೂತರು. ನಾನು ಪಕ್ಕದ ಮಷೀನಿನಾಕೆಗೆ ಉಪ್ಪಿನಕಾಯಿ ಕೊಡುವುದನ್ನು ಬಿಟ್ಟೆ. ಆಕೆಯೂ ನನ್ನನ್ನು ಹಾಗೇ ನೋಡುತ್ತಿದ್ದಳು. ಚುನಾವಣೆ ಬಂತು, ಹೋಯಿತು, ಗೆದ್ದವರ ಮೆರವಣಿಗೆ ಮಿಲ್ಲಿನ ಮುಂದೆಯೇ ಹಾದುಹೋಯಿತು. ನಾವು ಕಿಡಕಿಯಿಂದ ನೋಡಿದೆವು.

ಮುಂದಿನ ದೀಪಾವಳಿ ಮುಗಿದು ಗೇಟು ತೆರೆಯುವ ದಿನ ಬಂತು. ಮಗಳು ಪರೀಕ್ಷೆ ಪಾಸಾಗಿ ಕಾಲೇಜಿಗೆ ಸೇರಿದ್ದಳು, ದೀಪಾವಳಿ ಸೂಟಿ ಇತ್ತು. ನಾನು ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಅವ್ವ ಬವಳಿ ಬಂದು ಬೀಳುತ್ತಾಳೆ ಎಂದು ತಾನಾಗಿ ಜೊತೆ ಬಂದಳು. ಬೇಡ ಅಂದರೆ ಕೇಳಲಿಲ್ಲ.

ಹತ್ತಿ ಹೇರಿದ ಚಕ್ಕಡಿಗಳು ಗೇಟಿನಿಂದ ರಸ್ತೆಯ ತನಕ ಸಾಲಾಗಿ ನಿಂತಿದ್ದವು. ಮುಕಾದಮ ಬಂದ. ಯಾರು ಕಾಳು, ಯಾರು ಅರಳೆ ಎಂಬುದು ಅವನಿಗೆ ಬೇಕಿರಲಿಲ್ಲ. ತಿಕೋಟಾಕ್ಕೆ ಹೋದವರನ್ನೆಲ್ಲ ಹೊರಗೇ ಬಿಟ್ಟ. ಪ್ರೆಸ್ಸಿನ ಕಾಕಾ, ಫಿಟ್ಟರ್, ನನ್ನ ಪಕ್ಕದ ಮಷೀನಿನಾಕೆ, ಇಡೀ ಹತ್ತಿ ಹಾಕಿ ಕೈ ಬರಿದು ಮಾಡಿಕೊಂಡವರು, ಎಲ್ಲರೂ ಒಂದೇ ಸಾಲಿನಲ್ಲಿ ಹೊರಗೆ ಉಳಿದೆವು. ಆಕೆ ನನ್ನ ಕಡೆ ನೋಡಿದಳು. ಇಷ್ಟು ದಿನ ನಾವು ಒಬ್ಬರನ್ನೊಬ್ಬರು ಸುಮ್ಮನೆ ಅನುಮಾನಿಸಿದ್ದೆವು ಎಂದು ಇಬ್ಬರಿಗೂ ತಿಳಿಯಿತು.

ಆಗ ಮುಕಾದಮನ ಬೆರಳು ನನ್ನ ಪಕ್ಕಕ್ಕೆ ತಿರುಗಿತು. "ಏ ಹುಡುಗಿ, ನೀ ಬಾ ಒಳಗ. ಅವ್ವನ ಮಷೀನ್ ಖಾಲಿ ಐತಿ."

ನನಗೆ ಒಂದೇ ಕ್ಷಣಕ್ಕೆ ಎಲ್ಲ ಅರ್ಥವಾಯಿತು. ಹೊರಗೆ ನಿಂತ ಹೆಂಗಸರಲ್ಲಿ ಬಹಳ ಮಂದಿಗೆ ಮನೆಯಲ್ಲಿ ಬೆಳೆದ ಹೆಣ್ಣುಮಕ್ಕಳಿದ್ದರು, ಕೆಲವರು ಜೊತೆಗೇ ಕರೆತಂದಿದ್ದರು. ನನ್ನ ಮಗಳು ಒಳಗೆ ಹೋದರೆ ಆಮೇಲೆ ಒಬ್ಬೊಬ್ಬರಾಗಿ ಅವರೂ ಹೋಗುತ್ತಾರೆ. ಅವರೆಲ್ಲರ ಕಣ್ಣು ನನ್ನ ಮೇಲಿತ್ತು. ಕಾಕಾ ನೆಲ ನೋಡುತ್ತಿದ್ದರು. ಮನೆಯಲ್ಲಿ ಜೋಳದ ಡಬ್ಬಿಯ ತಳ ಕಾಣುತ್ತಿತ್ತು, ಅದೂ ಕಣ್ಣ ಮುಂದೆ ಬಂತು.

"ಹೋಗಲೇನಬೇ?" ಅಂದಳು ಮಗಳು. ಸಣ್ಣ ದನಿ. ಒಂದು ಮಾತು ಹೇಳಿದ್ದರೆ ಹೋಗುತ್ತಿದ್ದಳು, ಅವಳ ಮುಖದಲ್ಲಿ ಅದು ಬರೆದಿತ್ತು.

"ಬ್ಯಾಡ" ಅಂದೆ.

ಆಮೇಲೆ ಮಂದಿ ಅದಕ್ಕೆ ಧೈರ್ಯ ಅಂತ ಹೆಸರಿಟ್ಟರು. ಅವರಿಗೇನು ಗೊತ್ತು? ಜೀಪಿನ ಹೆದರಿಕೆ, ಹಸಿವಿನ ಹೆದರಿಕೆ ಎಲ್ಲ ಇದ್ದಲ್ಲಿಯೇ ಇದ್ದವು. ಅತ್ತೆಯ ಕೆಮ್ಮು ಅವಕ್ಕಿಂತ ಹತ್ತಿರ ಕೇಳಿಸಿತು, ಅಷ್ಟೇ. ಮಗಳ ರಟ್ಟೆ ಹಿಡಿದು ತಿರುಗಿದೆ, ಚಕ್ಕಡಿಗಳ ನಡುವೆ ನಡೆದೆ. ಹಿಂದೆ ಮುಕಾದಮ ಇನ್ನೊಂದು ಹುಡುಗಿಯನ್ನು ಕರೆಯುವುದು ಕೇಳಿಸಿತು. ಅವಳ ಅವ್ವ ಏನಂದಳೋ ಎಂದು ಹೊರಳಿ ನೋಡುವ ಎದೆ ನನಗಿರಲಿಲ್ಲ.